ಒಂದು ನೂಲು ಕಮ್ಮಿ

ಮಂಗಳೂರು ಬಂದರಿನ ಬಲೆಯಂಗಡಿಯ ಮಾಳಿಗೆಯಲ್ಲಿ ನನ್ನ ಕಚೇರಿ.
ಕೆಳಗೆ ನೈಲಾನಿನ ವಾಸನೆ, ಮೇಲೆ ಹಂಚು,
ನಡುವೆ ನಾನು, ಕಿರುಗುಡುವ ಒಂದು ಫ್ಯಾನು,
ಬೋಟಿನವರಿಗೆ ಪಾಲು ಹಾಕುವ ಒಂದು ತಂತ್ರಾಂಶ.

ಮೊದಲು ಬರೆದಾಗ ಎಲ್ಲವನ್ನೂ ಅದರ ಹೊಟ್ಟೆಗೇ ತುರುಕಿದ್ದೆ.
ಡೀಸೆಲ್ಲು ಕಳೆದು, ಐಸು ಕಳೆದು, ಉಳಿದದ್ದರಲ್ಲಿ ಪಾಲು
ಎಂದರು ಲೀಲಾಧರ ಪುತ್ರನ್.
'ಹೀಗಿದ್ದರೆ ಹೀಗೆ' ಎಂದು ಬರೆದೆ.
ಛೆ, ಐಸು ಧನಿಯ ಖರ್ಚಲ್ಲವೊ ಮಾರಾಯ್ತಿ
ಎಂದರು ಮೆಂಡನ್.
'ಹಾಗಲ್ಲದೆ ಹೀಗಿದ್ದರೆ' ಎಂದು ಅದರೊಳಗೆ ಇನ್ನೊಂದು.
ತಾಂಡೇಲನಿಗೆ ಎರಡು ಪಾಲು; ಆಚೆ ಬೋಟಿನಲ್ಲಿ ಒಂದೂಮುಕ್ಕಾಲು;
ಅಡುಗೆಯ ಹುಡುಗನಿಗೆ ಅರೆ, ಈಜು ಬಂದರೆ ಮುಕ್ಕಾಲು.
ಮೂರು ವರ್ಷಕ್ಕೆ ಆ ಫೈಲು
ಐಸು ಕಾಣದ ಮೀನಿನ ಹಾಗೆ ಉಬ್ಬಿತ್ತು.
ಒಂದು ಬೋಟಿಗೆ ಮದ್ದು ಕೊಟ್ಟರೆ ಇನ್ನೊಂದಕ್ಕೆ ವಾಂತಿ.

ಆಗಲೇ ಪಕ್ಕದ ತೆಂಗಿನಿಂದ ಒಣಕಾಯಿ ಬಿದ್ದು
ನೆತ್ತಿಯ ಮೇಲಿನ ಹಂಚು ಹೋಳಾದದ್ದು.
ಲಾದ್ರು ಮಾಮ ಚೀಲದಲ್ಲಿ ಮೂರು ಹಳೆ ಹಂಚು ತಂದರು,
ಮೂರು ಕಾರ್ಖಾನೆಯವು, ಮೂರೂ ಮುಚ್ಚಿದವು.
ನಕ್ಷತ್ರದ ಗುರುತಿನದು ಕೂರಲೇ ಇಲ್ಲ.
"ಒಂದು ನೂಲು ಕಮ್ಮಿ," ಎಂದು ಬದಿಗಿಟ್ಟರು.
ಎರಡನೆಯದು ಕೂತಿತು, ಗಾಳಿಗೆ ಅಲ್ಲಾಡಿತು.
ಮೂರನೆಯದನ್ನು ಒತ್ತಲಿಲ್ಲ, ಬಡಿಯಲಿಲ್ಲ,
ಇಟ್ಟು ಕೈ ಬಿಟ್ಟರು.
ಕಟ್.
"ಮಾಡು ದೊಡ್ಡದೊ ಸಣ್ಣದೊ ಹಂಚಿಗೆ ಎಂತಕ್ಕೆ ಬಾಯಿ?
ಅಂಚು ಸರಿ ಉಂಟಾದರೆ ಆಯಿತು,"
ಎಂದು ಎಂಬತ್ತು ರೂಪಾಯಿ ಜಾಸ್ತಿ ಕೇಳಿದರು.

ಆ ರಾತ್ರಿ ನಡುವೆ ಇದ್ದದ್ದನ್ನೆಲ್ಲ ಕಿತ್ತೆ.
ಉಳಿಸಿಕೊಂಡದ್ದು ಒಂದು ಫೋಲ್ಡರು, ಒಂದು ಕೂಗು:
ಬೆಳಗಿನ ಧಕ್ಕೆಯಲ್ಲಿ ಏಲಮಿನವನ ಕೂಗು.
ಬಂಗುಡೆ ಅವನದಲ್ಲ, ಹಣ ಅವನದಲ್ಲ,
ಗಂಟಲು ಮಾತ್ರ ಅವನದು.
ಯಾರ ಹತ್ತಿರ ಎಂತ ಉಂಟು, ಯಾರಿಗೆ ಎಂತ ಬೇಕು?
ಕೊಡುವ ತುಂಡು ಅದನ್ನು ಹಣೆಯಲ್ಲಿ ಬರೆದುಕೊಂಡು ಬರಲಿ,
ಬೇಕಾದ ತುಂಡು ಕೈ ಚಾಚಲಿ,
ಜೋಡಿಸುವುದಷ್ಟೇ ನನ್ನ ಕೆಲಸ.
ತೂಕ ಒಳಗೆ, ಪಾಲು ಹೊರಗೆ.
ಎರಡು ಸಾಲಿನ ಕರಾರು.
ಆ ಎರಡು ಸಾಲಿಗೆ ಹನ್ನೊಂದು ದಿನ ಹಿಡಿಯಿತು.

ಕೂಡಲೇ ಎಲ್ಲ ಸರಿಯಾಯಿತೆಂದಲ್ಲ.
ಐಸಿನ ತುಂಡು ಡೀಸೆಲ್ಲಿಗೆ ಕಾಯಿತು, ಡೀಸೆಲ್ಲು ಐಸಿಗೆ;
ಮದುವೆಮನೆಯ ಬಾಗಿಲಲ್ಲಿ ಬೀಗರಿಬ್ಬರು
'ನೀವು ಮೊದಲು, ನೀವು ಮೊದಲು' ಎಂದ ಹಾಗೆ
ಪರದೆ ನಿಂತೇ ಹೋಯಿತು.
ಮೆಂಡನ್ ಎರಡು ವಾರ ನನ್ನ ಫೋನು ಎತ್ತಲಿಲ್ಲ.

ಸೆಪ್ಟೆಂಬರಿನಲ್ಲಿ ಮಲ್ಪೆಯಿಂದ ಒಂದು ತುಂಡು ಬಂತು.
ಬರೆದವಳು ಸುಫಲಾ ಕುಂದರ್, ನಾನು ಮುಖ ನೋಡಿದವಳಲ್ಲ.
ಫೋಲ್ಡರಿಗೆ ಹಾಕಿದೆ. ಕೂತಿತು.
ಲೆಕ್ಕ ತೆಗೆದರೆ,
ಬೋಟಿನಲ್ಲಿ ಒಂಬತ್ತು ಜನ, ಚೀಟಿಯಲ್ಲಿ ಹತ್ತು ಹೆಸರು.
ಎಲ್ಲೋ ಒಂದು ಸುತ್ತು ಹೆಚ್ಚು ತಿರುಗಿದೆ ಎಂದುಕೊಂಡು
ಮಧ್ಯಾಹ್ನವಿಡೀ ತಡಕಾಡಿ, ಸೋತು, ಫೋನು ಮಾಡಿದೆ.

"ತಪ್ಪಲ್ಲ ಅಕ್ಕ.
ವಾಮನಣ್ಣ ಮಾರ್ಚಿನಲ್ಲಿ ನೀರಿಗೆ ಬಿದ್ದವರು ಸಿಕ್ಕಲಿಲ್ಲ.
ಮಗಳ ಶಾಲೆ ಮುಗಿಯುವವರೆಗೆ ಅವರ ಪಾಲು ತೆಗೆದಿಡುವುದೆಂದು
ಬೋಟಿನವರ ಮಾತು.
ನಿಮ್ಮ ಹಳೆಯದರಲ್ಲಿ ಅದಕ್ಕೆ ಜಾಗ ಇರಲಿಲ್ಲ,
ಪುಸ್ತಕದ ಹಿಂದೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದೆವು."

ಫೋನು ಇಟ್ಟು ಸ್ವಲ್ಪ ಹೊತ್ತು ಮೇಲೆ ನೋಡಿದೆ.
ಲಾದ್ರು ಮಾಮನ ಹಂಚು ಉಳಿದವುಗಳ ನಡುವೆ
ಇನ್ನೂ ಕೆಂಪಗೆ, ಬೇರೆಯೇ ಕಾಣುತ್ತದೆ.
ನನ್ನ ಕರಾರಿಗೆ ವಾಮನಣ್ಣ ಗೊತ್ತಿಲ್ಲ, ಸಮುದ್ರ ಗೊತ್ತಿಲ್ಲ.
ತೂಕ ಒಳಗೆ ಹೋಯಿತು, ಪಾಲು ಹೊರಗೆ ಬಂತು.
ಪ್ರಿಂಟರು ಹತ್ತನೆಯ ಹೆಸರನ್ನೂ ಹೊಡೆಯಿತು,
ಉಳಿದವರದೇ ಅಕ್ಷರದಲ್ಲಿ,
ಉಳಿದವರಷ್ಟೇ ಕಪ್ಪಾಗಿ.